ಪೆಟ್ರೋಲ್ ಟ್ಯಾಂಕಿನ ಬೆನ್ನಿಗೆ ಅಂಟಿಸಿದ ಜಾತಕ

ಪಾತ್ರೆ ಅಂಗಡಿಗೆ ಹೋದಾಗ ನಾವು ಏನು ಮಾಡುತ್ತೇವೆ? ಕೊಡವನ್ನು ಕೈಗೆತ್ತಿಕೊಂಡು ತೂಕ ನೋಡುತ್ತೇವೆ. ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತೇವೆ. ಆಮೇಲೆ ಬೋರಲು ಹಾಕಿ ತಳ ನೋಡುತ್ತೇವೆ. ಮೇಲಿನ ಹೊಳಪಿಗೆ ಮರುಳಾಗದೆ ತಳ ನೋಡುವವಳೇ ಜಾಣೆ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ರೇಷ್ಮೆ ಸೀರೆಯಾದರೆ ಸೆರಗು ತಿರುವಿ ಹಿಂಬದಿಯ ಎಳೆ ನೋಡುತ್ತೇವೆ. ತವರಿನಿಂದ ಬಂದ ಚೆಂಬೋ ತಟ್ಟೆಯೋ ಆದರೆ ಅದರ ಮೇಲೆ ಕೆತ್ತಿಸಿದ ಹೆಸರು, ಇಸವಿ ನೋಡಿದರೆ ಆಯಿತು. ಅದು ಯಾರ ಮದುವೆಯ ಪಾತ್ರೆ ಎಂಬುದು ಗೊತ್ತಾಗಿಹೋಗುತ್ತದೆ.

ಈ ಸಲ ಹೇಳಹೊರಟಿರುವುದು ಮಾತ್ರ ಕಾರಿನ ವಿಷಯ. ಅಯ್ಯೋ, ಗಂಡಸರ ಮಾತು ಅಂತ ಪುಟ ತಿರುವಬೇಡಿ! ಅಮೆರಿಕದಲ್ಲಿ ಅರವತ್ತು ವರ್ಷದ ಹಳೆಯ ಒಂದು ಕಾರು ಅಸಲೋ ನಕಲಿಯೋ ಎಂದು ತಿಳಿಯಲು ಜನ ಮಾಡುವುದೂ ಇದನ್ನೇ. ಹೊಳಪು ಬಿಟ್ಟು ತಳ ನೋಡುತ್ತಾರೆ. ಅದರಲ್ಲೂ ಅವರ ಕಣ್ಣು ಹೋಗುವುದು ಎಲ್ಲಿಗೆ ಗೊತ್ತೇ? ಪೆಟ್ರೋಲ್ ಟ್ಯಾಂಕಿಗೆ.

ಕಾರಿನ ಹೆಸರು ಕಾರ್ವೆಟ್. ಷೆವರ್ಲೆ ಕಂಪೆನಿಯದು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಪ್ರದರ್ಶನದಲ್ಲಿ ಜನ ಇದನ್ನು ಮೊದಲು ನೋಡಿದ್ದು. ಆ ವರ್ಷ ತಯಾರಾದದ್ದು ಬರೀ 300 ಕಾರು. ಎಲ್ಲ ಕಾರಿನ ಮೈ ತಗಡಿನದಾದರೆ ಇದರ ಮೈ ಫೈಬರ್‌ಗ್ಲಾಸಿನದು. ನಮ್ಮ ಬಚ್ಚಲುಮನೆ ಬಾಗಿಲಿಗೆ ಹಾಕಿಸುತ್ತೇವಲ್ಲ, ಅದೇ ಜಾತಿ. ಇಬ್ಬರೇ ಕೂರುವ ಕಾರು. ಅತ್ತೆ ಮಾವ ಮಕ್ಕಳಿಗೆಲ್ಲ ಜಾಗವಿಲ್ಲ. 1963ರಲ್ಲಿ ಇದಕ್ಕೆ ಹೊಸ ರೂಪ ಕೊಟ್ಟು ಸ್ಟಿಂಗ್ ರೇ ಎಂದು ಕರೆದರು. ಮಾಡು ಮುಚ್ಚಿದ್ದು ಒಂದು ಬಗೆ, ಮಾಡು ತೆಗೆಯುವಂಥದ್ದು ಇನ್ನೊಂದು ಬಗೆ. ಮುಚ್ಚಿದ ಕಾರಿನ ಹಿಂದಿನ ಗಾಜು ಆ ಒಂದು ವರ್ಷ ಮಾತ್ರ ನಡುವೆ ಬೈತಲೆ ತೆಗೆದ ಹಾಗೆ ಎರಡು ಭಾಗವಾಗಿತ್ತು. ಹಿಂದೆ ಏನೂ ಕಾಣುವುದಿಲ್ಲ ಎಂಬ ದೂರು ಬಂದು ಮರುವರ್ಷವೇ ಒಂದೇ ಗಾಜು ಮಾಡಿದರು. ಈಗ ಆ ಬೈತಲೆ ಕಾರಿಗೇ ಹೆಚ್ಚು ಬೆಲೆ! ಲೋಕದ ರೀತಿಯೇ ಹಾಗೆ.

ಈ ಮುಚ್ಚಿದ ಸ್ಟಿಂಗ್ ರೇಗೆ ಇನ್ನೊಂದು ವಿಚಿತ್ರವಿತ್ತು. ಹಿಂದೆ ಡಿಕ್ಕಿಯ ಬಾಗಿಲೇ ಇರಲಿಲ್ಲ. ಸಾಮಾನನ್ನು ಕಾರಿನೊಳಗಿಂದಲೇ, ಸೀಟು ಮುಂದಕ್ಕೆ ಬಗ್ಗಿಸಿ ಹಿಂದಕ್ಕೆ ತಳ್ಳಬೇಕು. ಇಷ್ಟೇ ಸಾಲದು ಎಂಬಂತೆ, ಆ ಇದ್ದ ಚೂರು ಜಾಗವನ್ನೂ ನುಂಗುವ ಒಂದು ಹೆಚ್ಚುವರಿ ಸಾಮಾನನ್ನು ಕಂಪೆನಿ ಮಾರುತ್ತಿತ್ತು. ಅದೇ ದೊಡ್ಡ ಟ್ಯಾಂಕು. ಮಾಮೂಲಿ ಕಾರಿಗೆ 20 ಗ್ಯಾಲನ್ನಿನ, ಅಂದರೆ ಸುಮಾರು 76 ಲೀಟರಿನ ಕಬ್ಬಿಣದ ಟ್ಯಾಂಕು. ಇದಾದರೆ 36 ಗ್ಯಾಲನ್, ಸುಮಾರು 136 ಲೀಟರು ಹಿಡಿಯುವ ಫೈಬರ್‌ಗ್ಲಾಸಿನ ಹಂಡೆ! ತುಂಬಿಸಿದರೆ ಪೆಟ್ರೋಲಿನ ತೂಕವೇ ನೂರು ಕಿಲೋ ಆಗುತ್ತದೆ. ನಮ್ಮ ಅಡಿಗೆಮನೆಯ ಏಳು ಗ್ಯಾಸ್ ಸಿಲಿಂಡರಿನೊಳಗಿನ ಅನಿಲದ ತೂಕ. ಇದನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಿಸಬೇಕು.

ಯಾರಿಗಪ್ಪಾ ಬೇಕಿತ್ತು ಇದು ಅಂತೀರಾ? ರೇಸಿನವರಿಗೆ. ಫ್ಲಾರಿಡಾದ ಸೆಬ್ರಿಂಗಿನಲ್ಲಿ 12 ಗಂಟೆ ಎಡೆಬಿಡದೆ ಓಡಿಸುವ ಪಂದ್ಯ ಉಂಟು. ಅಂಥ ಕಡೆ ವೇಗ ಎಷ್ಟು ಮುಖ್ಯವೋ ಪೆಟ್ರೋಲಿಗಾಗಿ ಎಷ್ಟು ಸಲ ನಿಲ್ಲಿಸಿದಿರಿ ಎನ್ನುವುದೂ ಅಷ್ಟೇ ಮುಖ್ಯ. ಹತ್ತು ಸಲ ನಿಲ್ಲಿಸುವವನಿಗಿಂತ ಐದು ಸಲ ನಿಲ್ಲಿಸುವವನು ಮುಂದೆ. ಡೇಟೋನಾದಲ್ಲಿ 1966ರಲ್ಲಿ 24 ಗಂಟೆಯ ಪಂದ್ಯ ನಡೆದಾಗ ಒಂದು ಕಾರ್ವೆಟ್ ರಾತ್ರಿ ಹೊತ್ತು ಗುದ್ದಿಕೊಂಡು ಮುಂದಿನ ದೀಪ ಕಳೆದುಕೊಂಡಿತು. ಅವರು ಬಿಟ್ಟರೆ? ಕೈಯಲ್ಲಿ ಹಿಡಿಯುವ ಟಾರ್ಚುಗಳನ್ನು ಟೇಪು ಸುತ್ತಿ ಕಾರಿಗೆ ಕಟ್ಟಿ, ಮುಂದೆ ಹೋಗುತ್ತಿದ್ದ ಫೆರಾರಿಯ ಹಿಂದೀಪ ನೋಡಿಕೊಂಡು ಓಡಿಸಿ ತಮ್ಮ ವರ್ಗದಲ್ಲಿ ಗೆದ್ದರು. ಕರೆಂಟು ಹೋದಾಗ ಟಾರ್ಚು ಕಚ್ಚಿಕೊಂಡು ಒಗ್ಗರಣೆ ಹಾಕಿದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ಲವೇ?

ಮನೆಮಂದಿಗೆ ಮಾತ್ರ ಈ ಟ್ಯಾಂಕು ಬೇಡವಾಗಿತ್ತು. ಎರಡು ಸೂಟ್‌ಕೇಸು ಇಡಲೂ ಜಾಗವಿಲ್ಲದ ಕಾರಿಗೆ ಇನ್ನೂರು ಡಾಲರು ಹೆಚ್ಚು ಕೊಟ್ಟು ಇದನ್ನು ಹಾಕಿಸಲು ಯಾವ ಹೆಂಡತಿ ಒಪ್ಪಿಯಾಳು? ಆಗ ಇಡೀ ಕಾರಿನ ಬೆಲೆಯೇ ನಾಲ್ಕು ಸಾವಿರ ಚಿಲ್ಲರೆ ಡಾಲರು. ಹಾಗಾಗಿ ಇವು ಬಲು ಕಡಿಮೆ ಖರ್ಚಾದವು. 1963ರಲ್ಲಿ 63, 1964ರಲ್ಲಿ 38, 1965ರಲ್ಲಿ 41, 1966ರಲ್ಲಿ 66, 1967ರಲ್ಲಿ ಬರೀ 2. ಐದು ವರ್ಷದಲ್ಲಿ ತಯಾರಾದ ಮುಚ್ಚಿದ ಸ್ಟಿಂಗ್ ರೇಗಳು 45 ಸಾವಿರದ ಮೇಲೆ. ಅದರಲ್ಲಿ ದೊಡ್ಡ ಟ್ಯಾಂಕಿನವು ಒಟ್ಟು 210. ಅಂದು ಯಾರೂ ಮೂಸದ ಪದಾರ್ಥ ಇಂದು ಹಣವಂತ ಸಂಗ್ರಾಹಕರ ಕಣ್ಮಣಿ. ಬೆಲೆ ಏರಿತೆಂದ ಮೇಲೆ ಕೇಳಬೇಕೆ? ಮಾಮೂಲಿ ಕಾರಿಗೆ ಹೊಸದಾಗಿ ಮಾಡಿಸಿದ ದೊಡ್ಡ ಟ್ಯಾಂಕು ಕೂಡಿಸಿ ‘ಕಂಪೆನಿಯಿಂದಲೇ ಹೀಗೆ ಬಂದದ್ದು’ ಎಂದು ಮಾರುವವರೂ ಹುಟ್ಟಿಕೊಂಡರು. ಹಳೆಯ ಮಾದರಿಯಲ್ಲೇ ಹೊಸ ಟ್ಯಾಂಕು ಮಾಡಿ ಮಾರುವುದು ತಪ್ಪಲ್ಲ. ಹಾಳಾದ ಟ್ಯಾಂಕಿನವರಿಗೆ ಅದು ಬೇಕು. ತಪ್ಪಿರುವುದು ಸುಳ್ಳು ಹೇಳುವುದರಲ್ಲಿ.

ಮಧ್ಯೆ ಒಂದು ಮಾತು. ಈ ಕಾರಿನ ಕತೆಯಲ್ಲಿ ಹೆಂಗಸರೇ ಇಲ್ಲ ಎಂದುಕೊಳ್ಳಬೇಡಿ. ವಿಮಾನದಲ್ಲಿ ಲಾಗ ಹಾಕುವುದರಲ್ಲಿ ಹೆಸರಾದ ಬೆಟ್ಟಿ ಸ್ಕೆಲ್ಟನ್ ಎಂಬಾಕೆ 1956ರಲ್ಲಿ ಡೇಟೋನಾ ಕಡಲತೀರದ ಮರಳ ಮೇಲೆ ಕಾರ್ವೆಟ್ಟನ್ನು ಗಂಟೆಗೆ 145 ಮೈಲಿ ವೇಗದಲ್ಲಿ ಓಡಿಸಿದರು. ಜನರಲ್ ಮೋಟಾರ್ಸಿನಲ್ಲಿ ವಿನ್ಯಾಸಕಿಯಾಗಿದ್ದ ರೂತ್ ಗ್ಲೆನ್ನಿ 1958ರಲ್ಲಿ ಒಂದು ಪ್ರದರ್ಶನಕ್ಕಾಗಿ ‘ಫ್ಯಾನ್ಸಿ ಫ್ರೀ’ ಎಂಬ ಕಾರ್ವೆಟ್ ರೂಪಿಸಿದರು. ಅದಕ್ಕೆ ನಾಲ್ಕು ಋತುವಿಗೆ ನಾಲ್ಕು ಜೊತೆ ಸೀಟಿನ ಹೊದಿಕೆ! ದಿಂಬಿನ ಚೀಲ ಬದಲಾಯಿಸಿದಂತೆ ಬದಲಾಯಿಸಿಕೊಳ್ಳಬಹುದು. ನನಗಂತೂ ಟ್ಯಾಂಕಿಗಿಂತ ಇದೇ ಹೆಚ್ಚು ಜಾಣತನ ಅನ್ನಿಸಿತು. ಇರಲಿ, ಟ್ಯಾಂಕಿಗೆ ಬರೋಣ.

ಈಗ ಒಂದು ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಯಾವುದೋ ಊರಿನ ಒಬ್ಬ ಅಮೆರಿಕನ್ ಅಜ್ಜಿ. ಯಜಮಾನರು ತೀರಿಕೊಂಡಿದ್ದಾರೆ. ಹಿತ್ತಲ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದ ಹಳೇ ಕಾರು. ಮಕ್ಕಳು ದೂರದೂರಿನಲ್ಲಿ. ಒಬ್ಬ ಬಂದು ‘ಹಳೇ ಗುಜರಿ ಅಮ್ಮಾ, ಇಷ್ಟು ಕೊಡ್ತೀನಿ, ಇವತ್ತೇ ತಗೊಂಡು ಹೋಗ್ತೀನಿ’ ಎನ್ನುತ್ತಾನೆ. ಸೀಟಿನ ಹಿಂದೆ ಜಮಖಾನ ಹೊದಿಸಿದ ಒಂದು ದೊಡ್ಡ ಉಬ್ಬು ಇರುವುದು ಆಕೆಗೂ ಗೊತ್ತು. ಸಾಮಾನು ಇಡಲು ಜಾಗವಿಲ್ಲವೆಂದು ಗಂಡನೊಡನೆ ಎಷ್ಟು ಸಲ ಜಗಳವಾಡಿಲ್ಲ! ಆದರೆ ಆ ಉಬ್ಬಿನಲ್ಲೇ ತನ್ನ ಮುಪ್ಪಿನ ಆಸರೆ ಅಡಗಿದೆಯೆಂದು ಆಕೆಗೆ ತಿಳಿಯುವುದು ಹೇಗೆ? ಕೊಳ್ಳಲು ಬಂದವನಿಗೆ ಮಾತ್ರ ಗೊತ್ತಿದೆ. ಇದರ ತಿರುಗುಮುರುಗು ಕತೆಯೂ ಉಂಟು. ಜೀವಮಾನದ ಉಳಿತಾಯ ಸುರಿದು ‘ಅಸಲಿ ದೊಡ್ಡ ಟ್ಯಾಂಕು’ ಕೊಂಡ ದಂಪತಿಗೆ ಅದು ಆಮೇಲೆ ಸೇರಿಸಿದ್ದೆಂದು ತಿಳಿದರೆ ಮನೆಯಲ್ಲಿ ಊಟ ಸೇರುತ್ತದೆಯೇ? ಆದ್ದರಿಂದಲೇ ಪರೀಕ್ಷೆ.

ಪರೀಕ್ಷೆ ಶುರುವಾಗುವುದು ನಂಬರಿನಿಂದ. ಆ ವರ್ಷಗಳ ಸ್ಟಿಂಗ್ ರೇಯಲ್ಲಿ ಕಾರಿನ ನಂಬರಿನ ಪಟ್ಟಿ ಇರುವುದು ಬಲಗಡೆ ಸೀಟಿನ ಮುಂದೆ, ಗೂಡಿನಂಥ ಪೆಟ್ಟಿಗೆಯ ಕೆಳಗೆ. 1963ರದ್ದಾದರೆ ನಂಬರು 3ರಿಂದ ಮೊದಲಾಗುತ್ತದೆ. ಅದರಲ್ಲಿ 837 ಎಂದಿದ್ದರೆ ಮುಚ್ಚಿದ ಕಾರು, 867 ಎಂದಿದ್ದರೆ ಮಾಡು ತೆಗೆಯುವ ಕಾರು. ಆಮೇಲೆ ಬರುವ ಎಸ್ ಅಕ್ಷರ ಸೇಂಟ್ ಲೂಯಿ ಊರಿನ ಕಾರ್ಖಾನೆಯ ಗುರುತು. ದೊಡ್ಡ ಟ್ಯಾಂಕನ್ನು ಕಂಪೆನಿ ಹಾಕಿದ್ದು ಮುಚ್ಚಿದ ಸ್ಟಿಂಗ್ ರೇಗೆ ಮಾತ್ರ. ಹಾಗಾಗಿ 867ರ ಕಾರಿನಲ್ಲಿ ದೊಡ್ಡ ಟ್ಯಾಂಕು ಕಂಡರೆ ಮುಂದಿನ ಪರೀಕ್ಷೆಯೇ ಬೇಡ. ನಮಸ್ಕಾರ ಹೇಳಿ ಎದ್ದು ಬರಬಹುದು.

ಪಕ್ಕದಲ್ಲೇ ಇನ್ನೊಂದು ಚಿಕ್ಕ ಪಟ್ಟಿ. ಬಣ್ಣ ಯಾವುದು, ಒಳಗಿನ ಹೊದಿಕೆ ಯಾವುದು ಎಂಬುದರ ಸಂಕೇತ ಅದರಲ್ಲಿ. ಹೆಚ್ಚಿನವುಗಳಲ್ಲಿ ಮೈ ತಯಾರಾದ ದಿನವೂ ಇರುತ್ತದೆ: ತಿಂಗಳಿಗೆ ಒಂದು ಅಕ್ಷರ, ತಾರೀಖಿಗೆ ಅಂಕಿ. ನಮ್ಮ ಗ್ಯಾಸ್ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಮುಂದೆ ಇಸವಿ ಬರೆದಿರುತ್ತದಲ್ಲ, ಹಾಗೆ. (ಅದನ್ನು ನೋಡಿ ತೆಗೆದುಕೊಳ್ಳುತ್ತೀರಿ ತಾನೇ? ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ದಾಟಿದ್ದರೆ ಸಿಲಿಂಡರು ವಾಪಸು ಕಳಿಸಿ.) ಈ ತಾರೀಖಿನ ಉಪಯೋಗ ದೊಡ್ಡದು. ಎಂಜಿನ್ನು ಮುಂತಾದ ಎರಕದ ಭಾಗಗಳ ಮೇಲೂ ಅವವು ಎರಕವಾದ ದಿನ ಮೂಡಿರುತ್ತದೆ. ಭಾಗ ಮೊದಲು ಹುಟ್ಟಬೇಕು, ಕಾರು ಆಮೇಲೆ. ಭಾಗದ ತಾರೀಖು ಕಾರಿನ ತಾರೀಖಿಗಿಂತ ಈಚಿನದಾದರೆ? ಮದುವೆಗೆ ಮುಂಚೆಯೇ ನಾಮಕರಣವಾದ ಹಾಗೆ! ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಇನ್ನು ‘ಜಾತಕ’ದ ಮಾತು. 1967ರ ಮಾದರಿಯಿಂದ ಕಾರ್ಖಾನೆಯವರು ಒಂದು ಅಭ್ಯಾಸ ಇಟ್ಟುಕೊಂಡರು. ಯಾವ ಕಾರಿಗೆ ಏನೇನು ಹಾಕಬೇಕೆಂದು ಕೆಲಸಗಾರರಿಗೆ ತಿಳಿಸುವ ಒಂದು ಹಾಳೆ ಇರುತ್ತಿತ್ತು. ಆ ಹಾಳೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲ್ಮೈಗೆ ಅಂಟಿಸಿಬಿಡುತ್ತಿದ್ದರು. ಟ್ಯಾಂಕು ಮೇಲಕ್ಕೇರಿ ಕಾರಿನ ಮೈಯಡಿ ಸೇರಿತೆಂದರೆ ಹಾಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧ ಶತಮಾನದ ಮೇಲೆ ಯಾರೋ ಇದನ್ನು ಓದುತ್ತಾರೆ ಎಂದು ಅವರು ಅಂಟಿಸಿದ್ದಲ್ಲ. ಆದರೆ ಆಗಿದ್ದು ಅದೇ. ಕಾರಿನ ನಂಬರು, ಬಣ್ಣ, ಎಂಜಿನ್ನು, ಹೆಚ್ಚುವರಿ ಸಾಮಾನು ಎಲ್ಲ ಆ ಹಾಳೆಯಲ್ಲಿ ಸಂಕೇತದಲ್ಲಿ ಅಚ್ಚಾಗಿರುತ್ತದೆ. 1967ರ ಎಲ್88 ಎಂಬ ರೇಸ್ ಎಂಜಿನ್ನಿನ ಕಾರ್ವೆಟ್ಟುಗಳು ಇದ್ದದ್ದೇ 20. ಅವುಗಳಲ್ಲಿ ಒಂದು 2014ರ ಜನವರಿಯಲ್ಲಿ ಅರಿಜೋನಾದ ಹರಾಜಿನಲ್ಲಿ 38 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಅಂಥ ಕಾರಿಗೆ ಗಿರಾಕಿ ಮೊದಲು ಕೇಳುವುದು, ‘ಟ್ಯಾಂಕಿನ ಹಾಳೆ ಇದೆಯೇ?’

ಹಾಳೆ ನೋಡಬೇಕಾದರೆ ಟ್ಯಾಂಕು ಇಳಿಸಬೇಕು. ಮೊದಲು ಪೆಟ್ರೋಲನ್ನೆಲ್ಲ ಬಸಿದು, ಕೆಳಗಿನ ಹೆಚ್ಚುವರಿ ಚಕ್ರ ತೆಗೆದು, ಟ್ಯಾಂಕಿನ ಪಟ್ಟಿಗಳನ್ನು ಸಡಿಲಿಸಿ, ನಿಧಾನವಾಗಿ, ಬಾಣಂತಿಯ ತೊಟ್ಟಿಲಿಂದ ಕೂಸು ಎತ್ತಿದಷ್ಟು ಜೋಪಾನವಾಗಿ. ಬೆಂಕಿಯ ಸಾಮಾನು, ಇದು ಗೊತ್ತಿದ್ದವರ ಕೆಲಸ. ಈಗೀಗ ದಾರದಂಥ ವಯರಿನ ತುದಿಯ ಪುಟ್ಟ ಕ್ಯಾಮೆರಾ ತೂರಿಸಿ, ಇಳಿಸುವ ಮುಂಚೆಯೇ ಹಾಳೆ ಇದೆಯೋ ಇಲ್ಲವೋ ನೋಡುತ್ತಾರೆ. ಎಷ್ಟೋ ಸಲ ಸಿಗುವುದು ತೇವಕ್ಕೆ ಕರಗಿದ ಚೂರು, ಇಲಿ ತಿಂದು ಬಿಟ್ಟ ಅಂಚು. ಅವಸರದಲ್ಲಿ ಪಕ್ಕದ ಕಾರಿನ ಹಾಳೆ ಈ ಟ್ಯಾಂಕಿಗೆ ಅಂಟಿಸಿದ್ದೂ ಉಂಟು. ನಕಲಿ ಹಾಳೆಯೂ ಬಂದಿದೆ. ಹೀಗಾಗಿ ಮೊದಲು ಹಾಳೆಯ ಮೇಲಿನ ನಂಬರನ್ನು ಕಾರಿನ ನಂಬರಿಗೆ ತಾಳೆ ನೋಡಬೇಕು. ಸಿಕ್ಕ ಹಾಳೆಯನ್ನು ಕೀಳಲು ಹೋಗದೆ ಇದ್ದಲ್ಲೇ ಫೋಟೋ ತೆಗೆಯುವುದು ಬುದ್ಧಿವಂತರ ಕೆಲಸ. ಸಂಕೇತಗಳ ನಡುವೆ ‘ಎನ್03’ ಎಂದಿದ್ದರೆ ಅದೇ ದೊಡ್ಡ ಟ್ಯಾಂಕು.

ಇಲ್ಲೇ ತಮಾಷೆ ಇರುವುದು. ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಹಾಳೆ ಅಂಟಿಸುವ ಪದ್ಧತಿ ಬಂದದ್ದು 1967ಕ್ಕೆ. ಆ ವರ್ಷದ ದೊಡ್ಡ ಟ್ಯಾಂಕು ಎರಡೇ ಎರಡು! ಉಳಿದ 208 ಕಾರುಗಳಿಗೆ ಜಾತಕವೇ ಇಲ್ಲ. ಹಾಗಾದರೆ 1964ರ ದೊಡ್ಡ ಟ್ಯಾಂಕಿನ ಕಾರನ್ನು ಮಾರುವವನು ‘ಟ್ಯಾಂಕಿನ ಹಾಳೆ ಇದೆ ನೋಡಿ’ ಎಂದು ತೋರಿಸಿದರೆ ಏನರ್ಥ? ನೀವೇ ಹೇಳಿ.

ಜಾತಕವಿಲ್ಲದ ಕಡೆ ಸಂಬಂಧ ಕೂಡಿಸುವಾಗ ನಮ್ಮವರು ಏನು ಮಾಡುತ್ತಾರೆ? ನಾಲ್ಕು ಕಡೆ ವಿಚಾರಿಸುತ್ತಾರೆ. ಇಲ್ಲೂ ಅಷ್ಟೇ. ಮೊದಲು ಕಾಗದಪತ್ರ. ಅಮೆರಿಕದಲ್ಲಿ 1958ರ ಕಾನೂನಿನ ಪ್ರಕಾರ ಹೊಸ ಕಾರಿನ ಕಿಟಕಿಗೆ ಬೆಲೆಯ ಚೀಟಿ ಅಂಟಿಸಲೇಬೇಕು. ಯಾವ ಹೆಚ್ಚುವರಿ ಸಾಮಾನಿಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಕಾರು ಮನೆಗೆ ಬಂದ ದಿನ ಆ ಚೀಟಿ ಕಿತ್ತು ಬಿಸಾಡಿದವರೇ ಹೆಚ್ಚು. ಎಲ್ಲೋ ಒಬ್ಬಾಕೆ ಮಡಿಸಿ ಡ್ರಾಯರಿನಲ್ಲಿ ಇಟ್ಟಿರುತ್ತಾಳೆ. ಆ ಮನೆಯ ಅದೃಷ್ಟ. ಮಾರಾಟಗಾರರ ಬಿಲ್ಲು, ಮುಂಗಡದ ರಸೀತಿ, ರಿಪೇರಿಯ ಚೀಟಿ ಎಲ್ಲವೂ ಸಾಕ್ಷಿಯೇ. 1965ರಿಂದ ಈಚೆಗೆ ವಾರಂಟಿ ಪುಸ್ತಕದಲ್ಲಿ ಒಂದು ಲೋಹದ ತಗಡೂ ಬರುತ್ತಿತ್ತು. ಅದು ಕಾರಿನ ಗುರುತಿಗೆ, ಎಂಜಿನ್ನಿನ ಗುರುತಿಗೆ ಒಳ್ಳೆಯದು; ಎಲ್ಲ ಸಾಮಾನಿನ ಪಟ್ಟಿ ಅದರಲ್ಲಿಲ್ಲ. ಹಳೆಯ ಕಾರ್ವೆಟ್ ಪ್ರೇಮಿಗಳ ಸಂಘ ಒಂದಿದೆ, 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ. ಕಾರು ಎಂದು ತಯಾರಾಗಿ ಯಾವ ಮಾರಾಟಗಾರರಿಗೆ ಹೋಯಿತೆಂಬ ದಾಖಲೆ ಅಲ್ಲಿ ಸಿಗುತ್ತದೆ. ಯಾವ ಟ್ಯಾಂಕು ಎಂದು ಆ ದಾಖಲೆ ಹೇಳುವುದಿಲ್ಲ. ಆದರೆ ಕಾರು ಮೊದಲು ಹೋದದ್ದು ರೇಸಿನವರ ಒಡನಾಟವಿದ್ದ ಅಂಗಡಿಗೆ ಎಂದು ತಿಳಿದರೂ ಒಂದು ಎಳೆ ಸಿಕ್ಕಂತೆ.

ಕಾಗದ ಮುಗಿದ ಮೇಲೆ ಕಾರಿನ ಮೈ. ಇಷ್ಟು ದೊಡ್ಡ ಟ್ಯಾಂಕು ಮಾಮೂಲಿ ಕಾರಿನೊಳಗೆ ಸುಮ್ಮನೆ ಕೂರುವುದಿಲ್ಲ. ಸೀಟಿನ ಹಿಂದಿನ ಫೈಬರ್‌ಗ್ಲಾಸ್ ಹಾಸನ್ನು ಅದಕ್ಕೆ ತಕ್ಕಂತೆ ಬದಲಿಸಿರಬೇಕು. ಕಂಪೆನಿ ಬದಲಿಸಿದ್ದಕ್ಕೂ, ಮೂವತ್ತು ವರ್ಷದ ಮೇಲೆ ಯಾರೋ ಗರಗಸ ಹಾಕಿದ್ದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಕಂಪೆನಿಯ ಹಲಗೆಗಳನ್ನು ಎರಡು ಅಚ್ಚಿನ ನಡುವೆ ಒತ್ತಿ ಮಾಡಿದ್ದು. ಹಾಗಾಗಿ ಎರಡು ಮುಖವೂ ನಯ. ಕೈಯಲ್ಲಿ ನಾರಿನ ಬಟ್ಟೆ ಹಾಸಿ ಅಂಟು ಬಳಿದು ಮಾಡಿದ ತೇಪೆಯಾದರೆ ಒಂದು ಮುಖ ಒರಟು. ನೇಯ್ಗೆಯ ಗೆರೆ ಬೆರಳಿಗೆ ತಗಲುತ್ತದೆ. ಸೀರೆಯ ರಫು ಎಷ್ಟೇ ಸೊಗಸಾಗಿದ್ದರೂ ಹಿಂಬದಿ ತಿರುವಿದಾಗ ಬಯಲಾಗುವುದಿಲ್ಲವೇ? ಹಾಗೆ. ಜಮಖಾನ ಎತ್ತಿ, ಟಾರ್ಚು ಹಿಡಿದು, ಅಂಚಿಗೆ ಬೆರಳಾಡಿಸಿ ನೋಡುವವರು ಅಮೆರಿಕದಲ್ಲಿ ಈ ಕೆಲಸಕ್ಕೇ ಇದ್ದಾರೆ.

ಟ್ಯಾಂಕನ್ನೂ ನೋಡಬೇಕು. ಆದರೆ ಇಲ್ಲೊಂದು ಎಚ್ಚರಿಕೆ. ಟ್ಯಾಂಕು ಹೊಸದೆಂದ ಮಾತ್ರಕ್ಕೆ ಕಾರು ನಕಲಿಯಾಗುವುದಿಲ್ಲ. ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಈಗ ನಮ್ಮಲ್ಲೂ ಇದೆ, ಅಲ್ಲೂ ಇದೆ. ಹಳೆಯ ಕಾಲದ ಫೈಬರ್‌ಗ್ಲಾಸ್ ಟ್ಯಾಂಕಿನ ಅಂಟಿಗೆ ಎಥನಾಲ್ ಆಗಿಬರುವುದಿಲ್ಲ, ಮೆತ್ತಗಾಗಿಸುತ್ತದೆ. ಅದಕ್ಕೇ ಅಸಲಿ ಕಾರಿನವರೂ ಹೊಸ ಟ್ಯಾಂಕು ಹಾಕಿಕೊಳ್ಳುವುದುಂಟು. ಹಳೆಯದನ್ನು ಬಿಸಾಡದೆ ಅಟ್ಟದ ಮೇಲಿಟ್ಟಿದ್ದರೆ ಬಹಳ ಒಳ್ಳೆಯದು. ಹಳೆಯ ಟ್ಯಾಂಕು ಇದ್ದೂ ಹಾಸಿನಲ್ಲಿ ಗರಗಸದ ಗುರುತಿದ್ದರೆ ಮಾತ್ರ ಅನುಮಾನ ಬಲವಾಗುತ್ತದೆ. ಬೇರೆ ಕಾರಿನ ಟ್ಯಾಂಕು ಇಲ್ಲಿಗೆ ಬಂದಿರಬಹುದು. ಒಂದೇ ಸಾಕ್ಷಿಗೆ ತೀರ್ಪು ಕೊಡಬಾರದೆನ್ನುವುದು ಇದಕ್ಕೇ.

ಆ ಸಂಘದ ಪರೀಕ್ಷೆಯ ರೀತಿ ಕೇಳಿದರೆ ನಗು ಬರುತ್ತದೆ. ಕಾರಿಗೆ ಅಂಕ ಹಾಕುತ್ತಾರೆ. ನೂರಕ್ಕೆ 94 ಬಂದರೆ ಉತ್ತಮ ದರ್ಜೆ. ನಮ್ಮ ಮಕ್ಕಳ ಪರೀಕ್ಷೆಗಿಂತ ಕಷ್ಟ! ಕಾರು ಫಳಫಳ ಹೊಳೆದರೆ ಅಂಕ ಬರುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿರಬೇಕು. ಕೆಲಸಗಾರನ ಕೈತಪ್ಪಿ ಅಲ್ಲಿ ಇಲ್ಲಿ ಹಾರಿದ ಬಣ್ಣ, ಸೀಮೆಸುಣ್ಣದ ಗೀಚು ಎಲ್ಲ ಇದ್ದ ಹಾಗೇ ಇರಬೇಕು. ಅತಿ ಚೆನ್ನಾಗಿ ದುರಸ್ತಿ ಮಾಡಿಸಿ ಅಂಕ ಕಳೆದುಕೊಂಡವರಿದ್ದಾರೆ. ಹಳೆಯದನ್ನು ಕಂಡ ಕೂಡಲೇ ಹುಣಿಸೆಹಣ್ಣು ಹಚ್ಚಿ ತಿಕ್ಕಬೇಕೆನ್ನುವ ನಮ್ಮಂಥವರು ಅಲ್ಲಿ ಖಂಡಿತ ಫೇಲು.

ಈ ವಿಷಯದಲ್ಲಿ ನನಗೆ ಹಿಡಿಸಿದ ಸಾಕ್ಷಿ ಮಾತ್ರ ಬೇರೆ. ಆ ಅಜ್ಜಿಯ ಮನೆಯ ಆಲ್ಬಮ್ಮು. ಕಾರು ಹೊಸದಾಗಿದ್ದಾಗ ಮನೆಮಂದಿಯೆಲ್ಲ ಅದರ ಪಕ್ಕ ನಿಂತು ತೆಗೆಸಿಕೊಂಡ ಕಪ್ಪುಬಿಳುಪು ಚಿತ್ರ ಯಾರ ಮನೆಯಲ್ಲಿಲ್ಲ? ಅಲ್ಲಿನವರ ಫೋಟೋಗಳ ಅಂಚಿನಲ್ಲಿ ತಿಂಗಳು, ಇಸವಿ ಅಚ್ಚಾಗಿರುವುದೂ ಉಂಟು. ಬಾಗಿಲು ತೆರೆದಿದೆ, ಮಗು ಸೀಟಿನ ಮೇಲೆ ನಿಂತಿದೆ, ಸೂಟ್‌ಕೇಸು ಒಳಗೆ ಹಿಡಿಸದೆ ತಾಯಿಯ ಕಾಲ ಬಳಿ ನೆಲದ ಮೇಲಿದೆ. ಮಗುವಿನ ಹಿಂದೆ, ಗಾಜಿನ ಕೆಳಗೆ, ಜಮಖಾನ ಹೊದ್ದ ಆ ಉಬ್ಬು ಕಾಣಿಸುತ್ತಿದ್ದರೆ ಗುಜರಿ ಬೆಲೆ ಹೇಳಿದವನನ್ನು ಕೂರಿಸಿ ಕಾಫಿ ಕೊಟ್ಟು, ಆ ಚಿತ್ರವನ್ನು ಅವನ ಮುಂದೆ ಇಡಬಹುದು.